ಪ್ಲಗ್ ಕಿತ್ತ ಮೇಲೂ

ಫೆಬ್ರವರಿ 9

ಚಿಕ್ಕಪ್ಪನಿಗೆ ಕಡ್ಡಿಯ ನಮಸ್ಕಾರ.

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಅಂದುಕೊಳ್ಳಬೇಡಿ. ನನ್ನ ಹತ್ತಿರ ಫೋನ್ ಇಲ್ಲ. ಗೇಟಿನ ಮುಂದೆ ಇದ್ದವರೆಲ್ಲರ ಫೋನನ್ನೂ ಪೊಲೀಸರು ಚೀಲಕ್ಕೆ ತುಂಬಿಕೊಂಡು ಹೋದರು. ಮನೆಯವರ ಫೋನಿನಲ್ಲೂ ಮಾತು ಬೇಡ ಎಂದು ಸಂಘದವರು ಹೇಳಿದ್ದಾರೆ.

ಪೇಪರಿನಲ್ಲಿ ಓದಿರಬಹುದು. ಕುಲುಮೆ ವಿಭಾಗದವರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿದ್ದಕ್ಕೆ ನಮ್ಮ ಬಾಟಲಿ ಕಾರ್ಖಾನೆಯ ಗೇಟಿನಲ್ಲಿ ಧರಣಿ ಕೂತಿದ್ದೆವು. ಪ್ಯಾಕಿಂಗಿನವರು ಪಾಳಿ ಮುಗಿಸಿ ಹೋಗಿ ಸೇರಿಕೊಳ್ಳುತ್ತಿದ್ದೆವು. ನಮ್ಮ ಹಾಡಿನ ತಂಡ ಲಾರಿಯ ಮೇಲಿತ್ತು. ಸ್ವಲ್ಪ ಗಲಾಟೆಯಾಯಿತು. ನೂಕುನುಗ್ಗಲಿನಲ್ಲಿ ಗಿಟಾರ್ ಬಿತ್ತು. ನನಗೇನೂ ಆಗಿಲ್ಲ, ಮಂಡಿ ತರಚಿದೆ ಅಷ್ಟೆ. ಅಮ್ಮ ನಿಮಗೆ ಏನಾದರೂ ಬರೆದರೆ ಅರ್ಧ ಮಾತ್ರ ನಂಬಿ.

ತೊಂದರೆ ಆಗಿರುವುದು ಗಿಟಾರಿಗೆ. ದಪ್ಪ ತಂತಿಗಳು ಸರಿಯಾಗಿಯೇ ನುಡಿಯುತ್ತವೆ. ಸಣ್ಣ ತಂತಿಗಳು ಮಾತ್ರ ಕಂಬಳಿಯೊಳಗೆ ಕೂತು ಮಾತಾಡಿದ ಹಾಗೆ. ಅದರ ಜೊತೆಗೆ ಒಂದು ಸಣ್ಣ ಸೀಟಿ, ನಿಲ್ಲುವುದೇ ಇಲ್ಲ. ಬಿದ್ದ ಏಟಿಗೆ ತಂತಿ ಕೂರುವ ಬ್ರಿಜ್ ಹತ್ತಿರದ ಪಿಕಪ್ ಕೆಟ್ಟಿದೆ ಎಂದು ನನ್ನ ಲೆಕ್ಕ. ಬೇರೆ ಹಾಕಬೇಕು. ಗಿಟಾರ್ ಕೂಡಿಸಿ ಕೊಟ್ಟವರು ನೀವು, ಪಿಕಪ್ ಸುತ್ತುವವರೂ ನೀವು. ಯಾವುದು ಹಾಕಲಿ, ಹೇಳಿ. ಮಿನುಗುವಂಥದ್ದು ಬೇಕು. ಧರಣಿಯವರಲ್ಲಿ ಜೈಲಿಗೆ ಹೋದವರ ಮನೆಯವರು ಮಾರ್ಚ್ ಕೊನೆಗೆ ಒಂದು ಸಭೆ ಕರೆದಿದ್ದಾರೆ. ಅಷ್ಟರೊಳಗೆ ಸರಿಯಾಗಲೇಬೇಕು.

ಇಲ್ಲಿ ಉಳಿದದ್ದೆಲ್ಲ ಮಾಮೂಲು. ಬೀದಿಯಲ್ಲಿ ಬೂಟಿನ ಸದ್ದಾದರೆ ಅಮ್ಮ ಒಲೆ ಆರಿಸಿಬಿಡುತ್ತಾಳೆ. 'ಒಲೆಗೂ ಅವರಿಗೂ ಏನಮ್ಮಾ ಸಂಬಂಧ?' ಅಂದರೆ, 'ನೀನು ಸುಮ್ನಿರು' ಅನ್ನುತ್ತಾಳೆ. ಅನ್ನ ಅರ್ಧ ಬೆಂದದ್ದನ್ನೇ ತಿನ್ನುತ್ತಿದ್ದೇವೆ.

ಕಡ್ಡಿ


ಫೆಬ್ರವರಿ 14

ಕಡ್ಡೀ,

ಗಿಟಾರ್ ಬಿತ್ತು, ಮಂಡಿ ತರಚಿತು, ಅಮ್ಮನನ್ನು ಅರ್ಧ ನಂಬಿ. ಆಹಾ, ಕಂಪನಿಯವರ ಹೇಳಿಕೆಯನ್ನೂ ನೀನೇ ಬರೆದುಕೊಟ್ಟೆಯೇನೆ? ಅವರೂ ಹೀಗೇ ಬರೆಸಿದ್ದಾರೆ: 'ನೀರು ಹಾರಿಸಿ ಗುಂಪು ಚದುರಿಸಲಾಯಿತು, ಬೇರೇನನ್ನೂ ಬಳಸಿಲ್ಲ.' ನೀರು ತಾಗಿ ಅಷ್ಟು ಜನ ಆಸ್ಪತ್ರೆ ಸೇರಿದ್ದನ್ನು ಇದೇ ಮೊದಲು ಕೇಳಿದ್ದು. ನೀನು ಎದ್ದು ಓಡಾಡುತ್ತಿದ್ದೀಯೆ ಎಂದು ಅತ್ತಿಗೆ ಬರೆದಿದ್ದಾರೆ. ನೀನು ಹೇಳಿದ ಹಾಗೆ ಅರ್ಧ ನಂಬಿದ್ದೇನೆ.

ಈಗ ಪಿಕಪ್. ಅದೇನು ಮಾಯಾಪೆಟ್ಟಿಗೆಯಲ್ಲ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆ. ಉಕ್ಕಿನ ತಂತಿ ಅದರ ಮೇಲೆ ನಡುಗಿದರೆ ಆ ನಡುಕ ಕರೆಂಟಾಗಿ, ಸದ್ದು ಹಿಗ್ಗಿಸುವ ಆಂಪಿಗೆ ಹೋಗುತ್ತದೆ. ಸುತ್ತು ಹೆಚ್ಚಿದ್ದರೆ ಸದ್ದು ಜೋರು, ಆದರೆ ಮಬ್ಬು. ಸುತ್ತು ಕಮ್ಮಿಯಿದ್ದರೆ ಸದ್ದು ಸಣ್ಣದು, ಆದರೆ ನಿಮ್ಮ ಕಾರ್ಖಾನೆಯ ಗಾಜಿನ ಚೂರಿನ ಹಾಗೆ ಮಿನುಗುತ್ತದೆ. ಎರಡು ಸುರುಳಿ ಜೋಡಿಸಿದರೆ ಕರೆಂಟ್ ತಂತಿಯ ಗುಂಯ್‌ಗಾಟ ಸಾಯುತ್ತದೆ, ಅದರ ಜೊತೆ ಮಿನುಗೂ ಸ್ವಲ್ಪ ಸಾಯುತ್ತದೆ. ಆಯ್ಕೆ ಅಂದರೆ ಇಷ್ಟೇ. ಅಂಗಡಿಯವರು ಹೇಳುವ ಮಿಕ್ಕದ್ದೆಲ್ಲ ಡಬ್ಬದ ಮೇಲಿನ ಬಣ್ಣ.

ಹೊಸದು ಹಾಕುವ ಮುಂಚೆ ಕೆಟ್ಟಿರುವುದು ಯಾವುದು ಎಂದು ಗೊತ್ತಾಗಬೇಕಲ್ಲ. ನನ್ನ ಅಂಗಡಿಗೆ ನೀರೆತ್ತುವ ಮೋಟರ್ ಬರಲಿ, ಗಿಟಾರ್ ಬರಲಿ, ನನ್ನ ಕ್ರಮ ಒಂದೇ. ಮೊದಲು ಪ್ಲಗ್ ಕೀಳುತ್ತೇನೆ. ಸದ್ದು ನಿಂತರೆ ತಪ್ಪು ಯಂತ್ರದ್ದು. ನಿಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು. ಆದ್ದರಿಂದ ಪ್ಲಗ್ ಕಿತ್ತು, ಸೀಟಿ ನಿಂತಿತೋ ಇಲ್ಲವೋ ಬರಿ. ಆಮೇಲೆ ಮೀಟರ್ ಹಚ್ಚಿ ಎರಡೂ ಪಿಕಪ್ಪಿನ ಓಮ್ ಬರಿ. ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ತಲೆ ಮೆಲ್ಲಗೆ ತಟ್ಟಿ, ಟಕ್ ಎಂದು ಬರುತ್ತದೋ ನೋಡು. ಒಳಗೆ ಬೆಸುಗೆ ಬಿಟ್ಟಿದೆಯೋ ನೋಡು.

ಇನ್ನು ಮುಂದೆ ಲಾರಿ ಹತ್ತಿದರೆ ಕಾಲು ಮುರಿಯುತ್ತೇನೆ ಎಂದು ನಿನ್ನ ಚಿಕ್ಕಮ್ಮ ಹೇಳಿದ್ದಾಳೆ. ನಾನು ಹೇಳಿಲ್ಲ. ನಾನು ಹೇಳಿದರೆ ನೀನು ಟ್ರಕ್ಕು ಹತ್ತುತ್ತೀಯೆ.

ಚಿಕ್ಕಪ್ಪ


ಫೆಬ್ರವರಿ 20

ಚಿಕ್ಕಪ್ಪಾ,

ಸಂಘದ ಎಲೆಕ್ಟ್ರೀಷಿಯನ್ ಹತ್ತಿರ ಮೀಟರ್ ಇಸಿದುಕೊಂಡು ನೋಡಿದೆ. ಕತ್ತಿನ ಕಡೆಯದು ಆರು ಕಿಲೋ ಓಮ್, ಬ್ರಿಜ್ ಕಡೆಯದು ಆರೂವರೆ. ತಟ್ಟಿದರೆ ಎರಡೂ ಟಕ್ ಅನ್ನುತ್ತವೆ. ಬೆಸುಗೆ ಎಲ್ಲೂ ಬಿಟ್ಟಿಲ್ಲ. ಸ್ಕ್ರೂ ಒಂದು ಬಗ್ಗಿತ್ತು, ಬದಲಾಯಿಸಿದೆ. ಹಾಗಿದ್ದರೂ ಸದ್ದು ಮಬ್ಬು. ಒಳಗೆ ಅಯಸ್ಕಾಂತವೇ ಸೊರಗಿರಬೇಕು ಅಲ್ಲವೇ? ಬಿದ್ದ ಏಟಿಗೆ ಅಯಸ್ಕಾಂತ ಸೊರಗುತ್ತದೆ ಎಂದು ನೀವೇ ಒಮ್ಮೆ ಹೇಳಿದ ನೆನಪು. ಆದ್ದರಿಂದ ಸುತ್ತು ಕಮ್ಮಿ ಇರುವುದನ್ನು, ಚೆನ್ನಾಗಿ ಮಿನುಗುವುದನ್ನು ಸುತ್ತಿ ಕಳಿಸಿ.

ತಂಡದಲ್ಲಿ ಉಳಿದಿರುವುದು ಮೂವರೇ. ಹಾಡುವ ದೊಡ್ಡಕ್ಕ, ಡ್ರಮ್ಮಿನ ಸುತ್ತಿಗೆ, ನಾನು. ಸುತ್ತಿಗೆಯ ಕೈಗೆ ಲಾಠಿ ಬಿದ್ದು ಬೆರಳು ಊದಿದೆ. ದೊಡ್ಡಕ್ಕ ಅರಿಶಿನ ಹಚ್ಚಲು ಹೋದರೆ, 'ಬಿಡಕ್ಕ, ಹಳದಿ ಕೈ ನೋಡಿದ್ರೆ ಇವನೂ ಅಲ್ಲಿದ್ದ ಅಂತ ಬರ್ಕೊಳ್ತಾರೆ' ಅಂದ. ನಕ್ಕೆವು. ಆಮೇಲೆ ಯಾರೂ ನಗಲಿಲ್ಲ, ಅವನು ಹೇಳಿದ್ದು ನಿಜ.

ನನ್ನ ಪಕ್ಕ ಪ್ಯಾಕಿಂಗ್ ಮಾಡುತ್ತಿದ್ದ ಗೆಳತಿಯ ವಿಷಯ ನಿಮಗೆ ಗೊತ್ತಿಲ್ಲ. ಕಾಲು ಸುಟ್ಟಿತ್ತು, ಆಸ್ಪತ್ರೆಗೆ ಹೋದಳು. ಹಾಸಿಗೆಯಿಂದಲೇ ಎತ್ತಿಕೊಂಡು ಹೋದರು. ನೀರು ಬಿಟ್ಟು ಬೇರೇನೂ ಬಳಸಿಲ್ಲ ಎಂದ ಮೇಲೆ ಸುಟ್ಟ ಗಾಯ ಎಲ್ಲಿಂದ ಬಂತು? ಅವಳೇ ಬಾಂಬ್ ತಂದಿದ್ದಳಂತೆ! ಕೇಸಿನಲ್ಲಿ ಹಾಗೇ ಬರೆದಿದ್ದಾರೆ. ಗಾಯ ಆದವರೆಲ್ಲ ಈಗ ಮನೆಯೊಳಗೇ ಕೂತಿದ್ದಾರೆ. ಕೆಮ್ಮು ಬಂದರೂ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಾರೆ.

ಎದುರಿನ ಸೈಕಲ್ ಅಂಗಡಿಯ ಮುಂದೆ ಇಬ್ಬರು ದಿನವೂ ಬಂದು ನಿಲ್ಲುತ್ತಾರೆ. ಸೈಕಲ್ ಮಾತ್ರ ತರುವುದಿಲ್ಲ.

ಪಿಕಪ್ ಬೇಗ ಕಳಿಸಿ.

ಕಡ್ಡಿ


ಫೆಬ್ರವರಿ 25

ಕಡ್ಡೀ,

ಪಾರ್ಸಲ್ಲಿನಲ್ಲಿ ಇದೆ. ಸುತ್ತು ಕಮ್ಮಿ ಮಾಡಿ, ಬಿಸಿ ಮೇಣದಲ್ಲಿ ಮುಳುಗಿಸಿ ತೆಗೆದಿದ್ದೇನೆ. ಮೇಣ ಯಾಕೆ ಅಂದರೆ, ಒಳಗೆ ಎಳೆ ಸಡಿಲವಿದ್ದರೆ ಅದು ತಾನೇ ನಡುಗಿ ಸೀಟಿ ಹಾಕುತ್ತದೆ. ನಿನ್ನ ಸೀಟಿಗೆ ಅದೇ ಕಾರಣವಿರಬಹುದು. ಮೇಣ ಕುಡಿದ ಪಿಕಪ್ ಬಾಯಿ ಮುಚ್ಚಿಕೊಂಡಿರುತ್ತದೆ. ಕಪ್ಪು ತಂತಿ ನೆಲಕ್ಕೆ, ಬಿಳಿಯದು ಸ್ವಿಚ್ಚಿಗೆ. ಉಲ್ಟಾ ಹಾಕಿ ನನ್ನ ಮರ್ಯಾದೆ ಕಳೆಯಬೇಡ.

ಅಯಸ್ಕಾಂತ ಸೊರಗಿದೆ ಎಂಬ ನಿನ್ನ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೊರಗಿದ್ದರೆ ದಪ್ಪ ತಂತಿಯ ಸದ್ದೂ ಇಳಿಯಬೇಕಿತ್ತು. ಇರಲಿ, ಹಾಕಿ ನೋಡು. ಅಂದಹಾಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಬಂದಿದ್ದೀಯೆ. ಪ್ಲಗ್ ವಿಷಯ ಬರೆದೇ ಇಲ್ಲ. ಶಾಲೆಯಲ್ಲೂ ಹೀಗೇ ಮಾಡುತ್ತಿದ್ದೆ, ಗೊತ್ತಿಲ್ಲದ ಲೆಕ್ಕವನ್ನು ಹಾರಿಸಿ ಮುಂದಿನದಕ್ಕೆ ಹೋಗುವುದು.

ಗೆಳತಿಯ ಸುದ್ದಿ ಓದಿ ಮೈ ಉರಿಯಿತು. ಹೊಡೆದವರು ಹೇಳಿಕೆ ಬರೆಸುತ್ತಾರೆ, ಏಟು ತಿಂದವರು ಗಾಯ ಅಡಗಿಸಿಕೊಂಡು ಕೂರುತ್ತಾರೆ. ಗಾಯವನ್ನೇ ಕಳ್ಳಮಾಲು ಮಾಡಿಟ್ಟರಲ್ಲ! ಅವಳಿಗೆ ವಕೀಲರು ಸಿಕ್ಕಿದರೇ? ಬರಿ.

ಚಿಕ್ಕಪ್ಪ


ಮಾರ್ಚ್ 4

ಚಿಕ್ಕಪ್ಪಾ,

ಹಾಕಿದೆ. ಏನೂ ಬದಲಾಗಲಿಲ್ಲ. ಸೀಟಿಯೂ ಇದೆ, ಮಬ್ಬೂ ಇದೆ. ಬೇಜಾರು ಮಾಡಿಕೊಳ್ಳಬೇಡಿ, ಇನ್ನೂ ಮಿನುಗುವುದು ಬೇಕು. ಸೆರಾಮಿಕ್ ಅಯಸ್ಕಾಂತ ಹಾಕಿದರೆ ಚೂಪಾಗುತ್ತದಂತಲ್ಲ, ಅದನ್ನೇ ಹಾಕಿ.

ತಂಡದವರ ಜೊತೆ ಜಗಳವಾಯಿತು. ನಾನು ಟೋನ್ ಪೂರ್ತಿ ತಿರುಗಿಸಿ ನುಡಿಸಿದರೆ ಸುತ್ತಿಗೆ ಕಿವಿ ಮುಚ್ಚಿಕೊಂಡ. 'ಏ ಕಡ್ಡಿ, ತಗಡಿನ ಮೇಲೆ ಮೊಳೆ ಗೀಚ್ತಿದೀಯಾ? ಕಮ್ಮಿ ಮಾಡೇ!' ನಾನು, 'ನಿನ್ನ ಡ್ರಮ್ಮಿನ ಮುಂದೆ ಏನು ಕೇಳ್ಸುತ್ತೆ ನಿಂಗೆ' ಅಂದೆ. ದೊಡ್ಡಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೆ ಹಾಗೆ ನೋಡಿದಳೋ. ಹೆದರಿದವರಿಗೆ ಎಲ್ಲರ ಮೇಲೂ ಅನುಮಾನ.

ಕಾರ್ಖಾನೆಯಲ್ಲಿ ಒಂದು ಹೊಸ ಆಟ ಶುರುವಾಗಿದೆ. ಸೂಪರ್‌ವೈಸರ್ ಸದ್ದಿಲ್ಲದೆ ಹಿಂದೆ ಬಂದು ನಿಂತು ಚಪ್ಪಾಳೆ ಹೊಡೆಯುತ್ತಾನೆ. ತಿರುಗದವರ ನಂಬರ್ ಬರೆದುಕೊಂಡು ಹೋಗುತ್ತಾನೆ. ಗೇಟಿನಲ್ಲಿ ಯಾರು ಯಾರು ಇದ್ದರು ಎಂದು ಹೀಗೆ ಹುಡುಕುತ್ತಿದ್ದಾರಂತೆ. ಕುಂಟುವವರನ್ನು ಮೆಟ್ಟಿಲ ಹತ್ತಿರ ನಿಂತು ಹುಡುಕುತ್ತಾರೆ. ಲೇಬಲ್ ವಿಭಾಗದ ಇಬ್ಬರು ಹೆಂಗಸರು ಸಿಕ್ಕಿಬಿದ್ದರು. ನಾನು ತಿರುಗಿದೆ. ಚಿಂತೆ ಮಾಡಬೇಡಿ, ನಾನು ತಿರುಗಿದೆ.

ಗೆಳತಿಗೆ ವಕೀಲರು ಸಿಕ್ಕಿದ್ದಾರೆ. ಆದರೆ ಪೊಲೀಸರು ಗುಂಪಿನ ಮೇಲೆ ಹೊಡೆದ ಶೆಲ್ ಸಿಡಿಯಿತು ಎನ್ನಲು ಒಂದು ಆಸ್ಪತ್ರೆಯ ಚೀಟಿಯಾದರೂ ಬೇಕು, ಅವಳನ್ನು ಬಿಟ್ಟು ಇನ್ನೊಬ್ಬರದು, ಎಂದು ಕೇಳುತ್ತಿದ್ದಾರಂತೆ. ಯಾರು ಕೊಡುತ್ತಾರೆ?

ಕಡ್ಡಿ


ಮಾರ್ಚ್ 9

ಚಿರಂಜೀವಿ ಕಡ್ಡಿಗೆ,

ನಾವೆಲ್ಲ ಕ್ಷೇಮ. ನೀನು ಕೇಳಿದ ಸೆರಾಮಿಕ್ ಪಿಕಪ್ ಕಳಿಸಿದ್ದೇನೆ. ಐದೂವರೆ ಕಿಲೋ ಓಮ್ ತೋರಿಸುತ್ತದೆ. ತಂತಿಗೆ ತೀರ ಹತ್ತಿರ ಏರಿಸಬೇಡ.

ಇನ್ನು ಮುಂದೆ ಪಿಕಪ್ಪಿನ ವಿಷಯ ಮಾತ್ರ ಬರೆಯತಕ್ಕದ್ದು. ಕಾರ್ಖಾನೆಯ ಸಮಾಚಾರ, ಬೇರೆಯವರ ಸಮಾಚಾರ ನನಗೆ ಬೇಕಾಗಿಲ್ಲ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಇಂತಿ,
ಚಿಕ್ಕಪ್ಪ


ಮಾರ್ಚ್ 13

ಚಿಕ್ಕಪ್ಪನವರಿಗೆ,

ತಮ್ಮ ಪತ್ರ ತಲುಪಿತು. ಆಸಕ್ತಿ ಇಲ್ಲವೆಂದು ತಿಳಿಯಿತು. ಸಂತೋಷ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಗೆ ಕರೆದುಕೊಂಡು ಹೋದವರು ಯಾರು? ಘೋಷಣೆ ಕೂಗಲು ಕಲಿಸಿದವರು ಯಾರು? ಈಗ 'ಬರೆಯತಕ್ಕದ್ದು'! ನೀವೂ ಹೆದರಿದಿರಿ ಅನ್ನಿ. ಕಡ್ಡಿ ಮುರಿದ ಹಾಗೆ ಹೇಳಿಬಿಡಿ, ನನಗೂ ಸಮಾಧಾನ. ಎಲ್ಲರೂ ಹೆದರಿದ್ದಾರೆ, ಅದರಲ್ಲಿ ನೀವೊಬ್ಬರು.

ಹಾಗಾದರೆ ಪಿಕಪ್ಪಿನ ವಿಷಯ ಮಾತ್ರ. ಸೆರಾಮಿಕ್ ಹಾಕಿದೆ. ಮಬ್ಬು. ಸೀಟಿ. ಅದೇ. ಸಂಘದ ಕೋಣೆಯಲ್ಲಿ ಮೊದಲ ತಂತಿ ಮೀಟಿದ ತಕ್ಷಣ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಸುತ್ತಿಗೆ ಹೊಟ್ಟೆ ಹಿಡಿದು ನಕ್ಕ. ದೊಡ್ಡಕ್ಕ ನಗಲಿಲ್ಲ. ಹತ್ತಿರ ಬಂದು ನನ್ನ ಬಲಗಡೆ ನಿಂತು ಏನೋ ಹೇಳಿದಳಂತೆ. ನಾನು ತಂತಿ ಶ್ರುತಿ ಮಾಡುತ್ತಿದ್ದೆ, ಗಮನಿಸಲಿಲ್ಲ. 'ಸ್ವಲ್ಪ ದಿನ ನುಡ್ಸೋದು ಬೇಡ ಮಗಾ' ಅಂದಳು ಆಮೇಲೆ. ನನ್ನನ್ನು ತಂಡದಿಂದ ತೆಗೆಯುವ ಯೋಚನೆ ಅವರದು. ಗಿಟಾರ್ ಇಲ್ಲದಿದ್ದರೂ ಹಾಡು ನಡೆಯುತ್ತದೆ ಅಲ್ಲವೇ?

ಇನ್ನೊಂದು ಸುತ್ತಿ ಕಳಿಸಿ. ಇಲ್ಲದಿದ್ದರೆ ಬಿಡಿ.

ಕಡ್ಡಿ


ಮಾರ್ಚ್ 17

ಕಡ್ಡೀ, ನನ್ನ ಬಂಗಾರ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಂಬಿಕೆಯ ಲಾರಿ ಡ್ರೈವರ್ ಒಬ್ಬರು ನಿಮ್ಮ ಊರಿನ ಮೇಲೆ ಹೋಗುತ್ತಿದ್ದಾರೆ, ಅವರ ಕೈಗೆ ಕೊಟ್ಟಿದ್ದೇನೆ. ಅವರಿಗೆ ನೀರು ಕೊಡು, ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಬೇಡ.

ನಿನ್ನ ಮಾರ್ಚ್ ನಾಲ್ಕರ ಕಾಗದ ಒಡೆದು ಅಂಟಿಸಿ ಬಂದಿತ್ತು. ಅಂಟಿಸಿದವನು ತೀರ ಅವಸರದವನು, ಒಳಗಿನ ಹಾಳೆಗೂ ಅಂಟು ತಾಗಿ ಎರಡು ಸಾಲು ಕಿತ್ತುಹೋಗಿತ್ತು. ಮಾರನೆಯ ದಿನ ಇಬ್ಬರು ಅಂಗಡಿಗೆ ಬಂದರು. ಒಬ್ಬ ಸ್ಟೂಲ್ ಎಳೆದುಕೊಂಡು ಕೂತ. 'ನಿಮ್ಮ ಅಣ್ಣನ ಮಗಳು ಚೆನ್ನಾಗಿ ಕಾಗದ ಬರೀತಾಳೆ' ಅಂದ. ಇನ್ನೊಬ್ಬ ತಾಮ್ರದ ಎಳೆಯ ಉಂಡೆ ಎತ್ತಿಕೊಂಡು, 'ಇದ್ರಿಂದ ಇನ್ನೇನೇನು ಮಾಡ್ಬಹುದು ಯಜಮಾನ್ರೇ? ಬಾಂಬಿಗೂ ಆಗುತ್ತಾ?' ಅಂತ ನಗುತ್ತಾ ಕೇಳಿದ. ಅದಕ್ಕೇ ಆ ಗುಮಾಸ್ತನ ಥರದ ಕಾಗದ ಬರೆದೆ. ನೀನು ಒಬ್ಬೊಬ್ಬರ ಗಾಯದ ಲೆಕ್ಕ ಅವರ ಕೈಗೆ ಕೊಡುತ್ತಿದ್ದೆಯಲ್ಲ ಮಗಳೇ, ಹೇಗೆ ನಿಲ್ಲಿಸಲಿ? ಹೌದು, ಹೆದರಿದೆ. ಈಗಲೂ ಹೆದರಿಕೆಯಿದೆ. ನೀನು ಬೈದದ್ದೆಲ್ಲ ಸರಿಯಾಗಿಯೇ ಇದೆ.

ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಕುರ್ಚಿಯ ಮೇಲೆ ಕೂತು ಓದು.

ನಿನ್ನ ಕಾಗದಗಳನ್ನೆಲ್ಲ ಬೆಂಚಿನ ಮೇಲೆ ಹರವಿಕೊಂಡು ಕೂತೆ. ಮೂರು ಪಿಕಪ್. ಮೂರೂ ಮೀಟರಿನಲ್ಲಿ ಸರಿ. ಒಂದಕ್ಕಿಂತ ಒಂದು ಚೂಪು. ಕೇಳಿದವರೆಲ್ಲ ಕಿವಿ ಮುಚ್ಚುತ್ತಾರೆ, ನಾಯಿ ಓಡುತ್ತದೆ, ನಿನಗೊಬ್ಬಳಿಗೆ ಮಬ್ಬು. ದೊಡ್ಡಕ್ಕ ಬಲಗಡೆ ನಿಂತು ಮಾತಾಡಿದರೆ ನಿನಗೆ ಗೊತ್ತಾಗುವುದಿಲ್ಲ. ಎರಡು ಸಲ ಪ್ಲಗ್ ಕೀಳು ಅಂದೆ, ಎರಡು ಸಲವೂ ಅದನ್ನು ಬಿಟ್ಟು ಊರೆಲ್ಲ ಬರೆದೆ.

ಪ್ಲಗ್ ಕಿತ್ತ ಮೇಲೂ ಸೀಟಿ ಇದೆ, ಅಲ್ಲವೇ?

ಕೆಟ್ಟಿರುವುದು ಪಿಕಪ್ಪಲ್ಲ ಕಡ್ಡೀ. ನಿನ್ನ ಕಿವಿ.

ನಾನೆಂಥ ದಡ್ಡ! ಅಣ್ಣನ ಮಗಳ ಕಿವಿ ಹೋಗುತ್ತಿದೆ, ನಾನಿಲ್ಲಿ ಮೇಣ ಕಾಯಿಸುತ್ತಾ ಕೂತೆ. ಇಲ್ಲಿನ ಕಿವಿ ಡಾಕ್ಟರ ಹತ್ತಿರ ಹೋಗಿ ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಹತ್ತಿರದಲ್ಲಿ ಶೆಲ್ ಸಿಡಿದರೆ ಒಳಗಿನ ನರ ಬಾಡುತ್ತದಂತೆ. ಮೊದಲು ಹೋಗುವುದು ಸಣ್ಣ ಚೂಪು ಸದ್ದುಗಳೇ ಅಂತೆ. ಆದ ತಕ್ಷಣ ಔಷಧಿ ಕೊಟ್ಟರೆ ಸ್ವಲ್ಪವಾದರೂ ಮರಳಿ ಬರುತ್ತದೆ, ತಡವಾದಷ್ಟೂ ಕಷ್ಟ ಎಂದರು. 'ಎಷ್ಟು ದಿನ ಆಯ್ತು?' ಅಂತ ಕೇಳಿದರು. ನಾನೂ ಒಂದು ಪ್ರಶ್ನೆ ಬಿಟ್ಟು ಬಂದೆ.

ಇಲ್ಲಿಗೆ ಬಂದುಬಿಡು. ಈ ಡಾಕ್ಟರು ಹೇಗಾಯಿತು ಎಂದು ಕೇಳುವವರಲ್ಲ, ಕಿವಿ ನೋಡಿ ಕಳಿಸುತ್ತಾರೆ. ಯಾರಿಗೂ ತಿಳಿಯುವುದಿಲ್ಲ. ಡ್ರೈವರ್ ಇನ್ನೆರಡು ದಿನಕ್ಕೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಅವರ ಲಾರಿ ಹತ್ತು. ಈ ಒಂದು ಲಾರಿ ಹತ್ತಲು ನಿನ್ನ ಚಿಕ್ಕಮ್ಮನ ಅಪ್ಪಣೆಯೂ ಇದೆ.

ಚಿಕ್ಕಪ್ಪ


ಮಾರ್ಚ್ 19

ಚಿಕ್ಕಪ್ಪಾ,

ಡ್ರೈವರಣ್ಣ ಹೊರಗೆ ಕಾಯುತ್ತಿದ್ದಾರೆ. ನಾನು ಹತ್ತುತ್ತಿಲ್ಲ, ಈ ಕಾಗದ ಹತ್ತುತ್ತದೆ.

ಪ್ಲಗ್ ಕಿತ್ತೆ. ನೀವು ಹೇಳುವ ಮುಂಚೆಯೇ, ನಿಮಗೆ ಮೊದಲ ಕಾಗದ ಬರೆಯುವ ಮುಂಚೆಯೇ ಕಿತ್ತಿದ್ದೆ. ಸೀಟಿ ನಿಲ್ಲಲಿಲ್ಲ. ಆಂಪನ್ನು ಪಕ್ಕದ ಕೋಣೆಗೆ ಸಾಗಿಸಿದೆ. ನಿಲ್ಲಲಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿಕೊಂಡೆ. ಅದು ನನ್ನ ತಲೆಯೊಳಗೇ ಇತ್ತು. ಮತ್ತೆ ಎದ್ದು ಹೋಗಿ ಪ್ಲಗ್ ಸಿಕ್ಕಿಸಿದೆ. ಸಿಕ್ಕಿಸಿದರೆ ಅದು ಗಿಟಾರಿನ ಸೀಟಿ. ಗಿಟಾರಾದರೆ ಬಿಚ್ಚಬಹುದು, ಬದಲಾಯಿಸಬಹುದು, ನಿಮಗೆ ಬರೆಯಬಹುದು. ಹೋದ ಕಿವಿಗೆ ಯಾವ ಅಂಗಡಿಗೆ ಬರೆಯಲಿ?

ಆ ದಿನ ದೊಡ್ಡಕ್ಕ ಎರಡನೆಯ ಚರಣ ಎತ್ತಿಕೊಂಡಿದ್ದಳು. ಲಾರಿಯ ಹಲಗೆಯ ಮೇಲೆ ಏನೋ ಉರುಳಿಕೊಂಡು ಬಂತು. ಬಾಟಲಿ ಎಂದುಕೊಂಡೆ. ಇಡೀ ದಿನ ಬಾಟಲಿಗಳನ್ನೇ ನೋಡುವ ಕಣ್ಣು. ನುಡಿಸುತ್ತಲೇ ಕಾಲಿನಿಂದ ಆಚೆ ತಳ್ಳಲು ಹೋದೆ. ಬಿಳಿ ಬೆಳಕು. ಎದ್ದಾಗ ಎಲ್ಲರ ಬಾಯಿ ಆಡುತ್ತಿತ್ತು, ಸದ್ದೇ ಇರಲಿಲ್ಲ. ದೊಡ್ಡಕ್ಕ ಇನ್ನೂ ಹಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಕಿರುಚುತ್ತಿದ್ದಳಂತೆ.

ಸೂಪರ್‌ವೈಸರ್ ಚಪ್ಪಾಳೆ ಹೊಡೆದಾಗ ನಾನು ತಿರುಗಿದೆ ಎಂದು ಬರೆದೆನಲ್ಲ. ಕೇಳಿಸಿ ತಿರುಗಿದ್ದಲ್ಲ. ಕೈಯಲ್ಲಿದ್ದ ಬಾಟಲಿಯ ಗಾಜಿನಲ್ಲಿ ಅವನ ಅಂಗಿ ಕಂಡಿತು. ಅಂದಿನಿಂದ ಬಾಟಲಿಯ ಗಾಜನ್ನೇ ನೋಡುತ್ತಾ ಕೆಲಸ ಮಾಡುತ್ತೇನೆ. ಕಣ್ಣು ಮಿಟುಕಿಸಲೂ ಭಯ. ಎದೆ ಯಾವಾಗಲೂ ಡವಡವ ಅನ್ನುತ್ತದೆ. ಅದೊಂದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮಲ್ಲಿಗೆ ಬಂದು ಗುಟ್ಟಾಗಿ ತೋರಿಸಿಕೊಳ್ಳಬಹುದು. ಆದರೆ ಆ ಚೀಟಿಯಲ್ಲಿ ಹೇಗಾಯಿತು ಎಂದು ಇರುವುದಿಲ್ಲ. ಜೈಲಿನಲ್ಲಿರುವ ಗೆಳತಿಗೆ ಅದರಿಂದ ಏನು ಬಂತು? ಇಲ್ಲಿನ ಆಸ್ಪತ್ರೆಗೆ ಹೋಗಿ ಶೆಲ್ ಎಂದು ಬರೆಸಿದರೆ ಅವಳಿಗೆ ಬಲ ಬರುತ್ತದೆ, ನನಗೆ ಅವಳ ಪಕ್ಕದ ಜಾಗ ಬರುತ್ತದೆ. ಎರಡನ್ನೂ ಮಾಡಲಾಗದೆ ಕೂತಿದ್ದೇನೆ. ನಾನು ಧೈರ್ಯವಂತೆ ಎಂದು ನೀವು ಯಾವತ್ತೋ ತಪ್ಪು ತಿಳಿದಿರಿ. ಲಾರಿಯ ಮೇಲೆ ಗಿಟಾರ್ ಹಿಡಿದರೆ ಯಾರಾದರೂ ಧೈರ್ಯವಾಗಿ ಕಾಣುತ್ತಾರೆ.

ಏನು ಮಾಡಲಿ ಹೇಳಿ.

ಕಡ್ಡಿ


ಮಾರ್ಚ್ 22

ಕಡ್ಡೀ,

ಇದನ್ನು ಬೇಕೆಂದೇ ಅಂಚೆಗೆ ಹಾಕುತ್ತಿದ್ದೇನೆ.

ಈ ಕಾಗದ ಒಡೆಯುವ ಮಹನೀಯರೇ, ನಿಮಗೆ ಮೊದಲು. ಒಳ್ಳೆಯ ಅಂಟು ಕೊಂಡುಕೊಳ್ಳಿ, ಸರ್ಕಾರದ ಸಂಬಳ ಬರುತ್ತದಲ್ಲ. ಎರಡನೆಯ ಮಾತು: ಗೇಟಿನಲ್ಲಿ ಶೆಲ್ ಸಿಡಿಯಿತು. ಲಾರಿಯ ಮೇಲೆ, ಹಾಡುವವರ ಕಾಲಿನ ಬುಡದಲ್ಲಿ ಸಿಡಿಯಿತು. ಅಲ್ಲಿದ್ದವರ ಕಿವಿಗಳೇ ಅದಕ್ಕೆ ಸಾಕ್ಷಿ. ಯಾರ್ಯಾರ ಕಿವಿ ಎಂದು ನಿಮಗೇ ಗೊತ್ತು, ನೀವೇ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿಸಿದ್ದೀರಿ. ಕಿವುಡಾದವರನ್ನು ಹುಡುಕಲು ಚಪ್ಪಾಳೆ ತಟ್ಟುವವರಿಗೆ, ಕಿವುಡು ಮಾಡಿದ್ದು ನಾವೇ ಎಂದು ತಿಳಿದಿದೆ ಎಂದಾಯಿತು. ಇದನ್ನು ಬರೆದವನು ಮೋಟರ್ ಸುತ್ತುವವನು. ವಿಳಾಸ ಲಕೋಟೆಯ ಹಿಂದೆ ಇದೆ. ಸ್ಟೂಲೂ ಇದೆ, ಬನ್ನಿ.

ಈಗ ನಿನಗೆ, ಮಗಳೇ. ಹೋಗು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಹೋಗಬೇಡ ಎನ್ನಲೂ ಬರುತ್ತಿಲ್ಲ. ದೂರದಲ್ಲಿ ಕೂತವನು ನಿನ್ನ ಮೈಯನ್ನು ಮುಂದಿಟ್ಟು ಕ್ರಾಂತಿ ಮಾಡಬಾರದು, ಅದು ಹೇಡಿಯ ಕೆಲಸ. ಆದ್ದರಿಂದ ನನ್ನ ಮೈಯನ್ನೇ ಈ ಹಾಳೆಯಲ್ಲಿ ಇಟ್ಟಿದ್ದೇನೆ. ನೀನು ಏನೇ ಮಾಡಿದರೂ ಸಿಕ್ಕಿಬೀಳುವುದು ನೀನೊಬ್ಬಳೇ ಅಲ್ಲ. ನನ್ನಿಂದ ಆಗುವುದು ಇಷ್ಟೇ. ಬರೆದು ಮುಗಿಸುವಷ್ಟರಲ್ಲಿ ಎರಡು ಸಲ ಬಾಗಿಲ ಕಡೆ ನೋಡಿದೆ, ಅದನ್ನೂ ಹೇಳಿಬಿಡುತ್ತೇನೆ.

ಪಿಕಪ್ ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಅದನ್ನೂ ಬರಿ.

ಚಿಕ್ಕಪ್ಪ


ಮಾರ್ಚ್ 27

ಚಿಕ್ಕಪ್ಪಾ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಅಲುಗಿದ್ದರೆ ಬೆಂಚಿನ ತಪ್ಪಲ್ಲ.

ಪಿಕಪ್ಪಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಹೊತ್ತು ಸಿಗುತ್ತದೋ ಇಲ್ಲವೋ. ನಿನ್ನೆ ದೊಡ್ಡಕ್ಕನನ್ನೂ ಸುತ್ತಿಗೆಯನ್ನೂ ಆಂಪಿನ ಮುಂದೆ ಕೂರಿಸಿ ಎಲ್ಲ ಹೇಳಿದೆ. ದೊಡ್ಡಕ್ಕನಿಗೆ ಆಗಲೇ ಗೊತ್ತಿತ್ತಂತೆ. ನಾನು ಹೇಳಲಿ ಎಂದು ಕಾದಿದ್ದಳಂತೆ. ಸುತ್ತಿಗೆ ಮಾತ್ರ ಅತ್ತುಬಿಟ್ಟ. 'ಮೊಳೆ ಗೀಚ್ತೀಯಾ ಅಂದ್ನಲ್ಲೇ ನಿಂಗೆ' ಅಂತ. ನಾನು ಒಂದೊಂದೇ ಪಿಕಪ್ ಹಾಕಿ ನುಡಿಸಿದೆ, ಅವರು ಕೇಳಿ ಹೇಳಿದರು. ನಾನು ತಂತಿಯ ಕಡೆ ನೋಡಲೇ ಇಲ್ಲ, ಅವರ ಮುಖ ನೋಡಿಕೊಂಡು ನುಡಿಸಿದೆ. ಬಯಲಿನಲ್ಲಿ, ಕರೆಂಟ್ ತಂತಿಯ ಕೆಳಗೆ ನುಡಿಸಲು ಒಂಟಿ ಸುರುಳಿ ಬೇಡ ಎಂದಾಯಿತು. ಗುಂಯ್‌ಗುಡದ ಜೋಡಿ ಸುರುಳಿ ಸುತ್ತಿ. ಸುತ್ತು ಎಷ್ಟು ಎಂದು ದೊಡ್ಡಕ್ಕನ ಗಂಟಲು ಕೇಳಿ ನೀವೇ ತೀರ್ಮಾನಿಸಿ. ಅವಳ ದನಿಯ ಕೆಳಗೆ ಅದು ಕೂರಬೇಕು, ಮೇಲೇರಬಾರದು. ಅದು ಹೇಗೆ ಕೇಳಿಸುತ್ತದೆ ಎಂದು ನನಗೆ ಪೂರ್ತಿ ಗೊತ್ತಾಗುವುದಿಲ್ಲ. ಕೇಳುವವರಿಗೆ ಗೊತ್ತಾದರೆ ಸಾಕು.

ಬೆಳಿಗ್ಗೆ ಇಬ್ಬರೂ ನನ್ನನ್ನು ಇಲ್ಲಿಯ ತನಕ ಬಿಟ್ಟು, ಗೇಟಿನ ಹೊರಗೆ ನಿಂತಿದ್ದಾರೆ. ಸೈಕಲ್ ಅಂಗಡಿಯ ಇಬ್ಬರೂ ಬಂದಿದ್ದಾರೆ. ಅವರು ಒಳಗೇ ಇದ್ದಾರೆ, ಔಷಧಿ ಕೊಡುವ ಕಿಟಕಿಯ ಹತ್ತಿರ.

ಚೀಟಿ ಬರೆಯುವ ಹೆಂಗಸು ಹೆಸರು ಕೇಳಿದರು, ವಯಸ್ಸು ಕೇಳಿದರು. 'ಹೇಗಾಯ್ತು?' ಅಂದರು. ಮೆಲ್ಲಗೆ, ಅವರಿಗಷ್ಟೇ ಕೇಳುವ ಹಾಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹೇಳಿದೆ.

'ಗೇಟ್ ಹತ್ರ ಪೊಲೀಸ್ರು ಶೆಲ್ ಹೊಡೆದ್ರು.'

ಓಡಾಡುತ್ತಿದ್ದವರೆಲ್ಲ ನಿಂತುಬಿಟ್ಟರು. ಎಲ್ಲ ಬೆಂಚುಗಳೂ ನನ್ನ ಕಡೆ ತಿರುಗಿದವು. ಕಿಟಕಿಯ ಹತ್ತಿರದ ಇಬ್ಬರೂ ತಿರುಗಿದರು. ನನ್ನ ದನಿಯ ಅಳತೆ ನನಗೆ ತಪ್ಪಿಹೋಗಿದೆ ಚಿಕ್ಕಪ್ಪಾ. ಪಿಸುಗುಟ್ಟಿದೆ ಎಂದುಕೊಂಡು ಕೂಗಿಬಿಟ್ಟಿದ್ದೆ.

'ಮೆಲ್ಲಗೆ ಹೇಳಮ್ಮಾ, ನಂಗೆ ಕೇಳ್ಸುತ್ತೆ' ಅಂದರು ಅವರು. ತುಟಿ ನೋಡಿ ತಿಳಿದುಕೊಂಡೆ.

'ನಂಗೆ ಕೇಳ್ಸಲ್ಲ' ಅಂದೆ.

ಅವರ ಪೆನ್ನು ನಿಂತಿತು. ಆ ಇಬ್ಬರ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಅಷ್ಟರಲ್ಲಿ ನನ್ನ ಎಡಗಡೆ ಕೂತಿದ್ದವರು ಎದ್ದರು. ಕುಲುಮೆಯ ಮುದುಕ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆ. ನನಗಿಂತ ಮುಂಚೆ ಚೀಟಿ ಬರೆಸಿದವರು, ಸ್ನಾನ ಮಾಡುವಾಗ ಕಿವಿಗೆ ನೀರು ಹೋಯಿತು ಅಂದಿದ್ದರು. ಈಗ ತಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟು, 'ತಾಯೀ, ನಂದೂ ತಿದ್ದಿ ಬರೀರಿ. ಇವಳಿಗೆ ಆಗಿದ್ದೇ ನಂಗೂ' ಅಂದರು. ಅವರೂ ಕೂಗಿಯೇ ಹೇಳಿರಬೇಕು, ನನಗೆ ಚೆನ್ನಾಗಿ ಕೇಳಿಸಿತು.

ಬರೆದರು. ಇಬ್ಬರದೂ ಬರೆದರು, ಮೊಹರು ಒತ್ತಿದರು. ವಕೀಲರಿಗೆ ಕೊಡಲು ಒಂದು ಪ್ರತಿಯನ್ನು ಮುದುಕಪ್ಪನ ಜೇಬಿಗೆ ಹಾಕಿದ್ದೇನೆ. ಅವರ ಮೊಮ್ಮಗಳು ಈ ಕಾಗದವನ್ನು ಹೊರಗೆ ದೊಡ್ಡಕ್ಕನಿಗೆ ತಲುಪಿಸುತ್ತೇನೆ ಎಂದು ಪಕ್ಕದಲ್ಲಿ ಕಾಯುತ್ತಿದ್ದಾಳೆ, ಆದ್ದರಿಂದ ಬೇಗ ಬೇಗ ಬರೆಯುತ್ತಿದ್ದೇನೆ.

ಡಾಕ್ಟರ ಬಾಗಿಲು ಒಂದು ಕಡೆ, ಆ ಇಬ್ಬರು ಇನ್ನೊಂದು ಕಡೆ. ಇಬ್ಬರೂ ಕಿಟಕಿ ಬಿಟ್ಟು ನನ್ನ ಕಡೆ ಹೊರಟಿದ್ದಾರೆ. ಒಂದೇ ಕಿವಿಯಲ್ಲಿ ಅಷ್ಟಿಷ್ಟು ಕೇಳುವವರಿಗೆ ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದಿಲ್ಲ, ಇದು ನಿಮಗೆ ಗೊತ್ತಿತ್ತೇ?

ಯಾರೋ ನನ್ನನ್ನು ಕರೆಯುತ್ತಿದ್ದಾರೆ. ಡಾಕ್ಟರೋ, ಅವರೋ.

ಎದ್ದು ನಿಂತೆ.